ಒತ್ತಡದ ಮುಳ್ಳಿಗಿಂತ ಮೊದಲು ನೀರಿನ ಮಟ್ಟ

ಈಗ ಪರದೆಯ ಮೇಲಿರುವುದು 36 ಕಿಲೋವ್ಯಾಟ್‌ನ ಎಲೆಕ್ಟ್ರಿಕ್ ಸ್ಟೀಮ್ ಜನರೇಟರ್. ಗಂಟೆಗೆ ಸುಮಾರು 50 ಕೆ.ಜಿ. ಹಬೆ ಕೊಡುವ ಈ ಯಂತ್ರಕ್ಕೆ ಬೆಂಕಿಯಿಲ್ಲ, ಹೊಗೆಯಿಲ್ಲ. ಹಾಗೆಂದು ಇದನ್ನು ದೊಡ್ಡ ಗೀಸರ್ ಎಂದು ಹಗುರವಾಗಿ ಕಾಣುವುದು ತರವಲ್ಲ.

ಪಂಪ್ ಟ್ಯಾಂಕಿಗೆ ನೀರು ತುಂಬುತ್ತದೆ, ಹೀಟರ್ ಕೊಳವೆಗಳು ಅದನ್ನು ಕುದಿಸುತ್ತವೆ. ಪ್ರತಿ ಕೊಳವೆಯ ನಡುವೆ ಕರೆಂಟ್ ಹರಿದಾಗ ಕಾಯುವ ನೈಕ್ರೋಮ್ ತಂತಿ ಇದ್ದು, ಅದರ ಸುತ್ತ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿಯು ವಿದ್ಯುತ್ತನ್ನು ತಡೆದು ಶಾಖವನ್ನು ಮಾತ್ರ ಹೊರಗಿನ ಲೋಹದ ಕವಚಕ್ಕೆ ದಾಟಿಸುತ್ತದೆ. 20 ಡಿಗ್ರಿಯ ಒಂದು ಕೆ.ಜಿ. ನೀರನ್ನು 100 ಡಿಗ್ರಿಗೆ ಏರಿಸಲು ಸುಮಾರು 335 ಕಿಲೋಜೂಲ್ ಸಾಕು; ಅಲ್ಲಿಂದ ಪೂರ್ತಿ ಹಬೆಯಾಗಿಸಲು ಇನ್ನೂ 2,257 ಕಿಲೋಜೂಲ್ ಬೇಕು. ಹೀಟರ್ ಸುರಿಸುವ ಶಾಖವನ್ನು ಹೊತ್ತೊಯ್ಯುವುದು ನೀರೇ ಆದ್ದರಿಂದ, ನೀರು ಕೊಳವೆಗಿಂತ ಕೆಳಗಿಳಿದರೆ ಕವಚ ಕೆಂಪಗೆ ಕಾದು ಸುಟ್ಟುಹೋಗುತ್ತದೆ.

ಇದನ್ನು ತಡೆಯಲೆಂದೇ ಮಟ್ಟ ಅಳೆಯುವ ಪ್ರೋಬ್ ಅಥವಾ ಫ್ಲೋಟ್ ಇರುತ್ತದೆ. ನೀರು ತಗ್ಗಿದರೆ ಅದು ಹೀಟರಿನ ಕರೆಂಟ್ ಕಡಿಯುತ್ತದೆ. ಪ್ರೋಬಿನ ತುದಿಗೆ ಸುಣ್ಣದ ಪದರ ಕಟ್ಟಿದರೆ ನೀರಿದ್ದರೂ ಇಲ್ಲವೆಂದು ತಿಳಿದು ಯಂತ್ರ ನಿಲ್ಲುತ್ತದೆ, ಕಿರಿಕಿರಿಯಾದರೂ ಅಪಾಯವಿಲ್ಲ. ಫ್ಲೋಟ್ ಮೇಲೆಯೇ ಸಿಕ್ಕಿಕೊಂಡರೆ ಮಾತ್ರ ಖಾಲಿ ಟ್ಯಾಂಕ್ ಕೂಡ ತುಂಬಿದಂತೆ ತೋರುತ್ತದೆ. ಆದ್ದರಿಂದ ನಾನು ಒತ್ತಡದ ಮುಳ್ಳಿಗಿಂತ ಮೊದಲು ಗೇಜ್ ಗ್ಲಾಸ್, ಅಂದರೆ ಒಳಗಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯನ್ನು ನೋಡುತ್ತೇನೆ. ಗಮನಿಸಿ, ಅದರ ಕೆಳಗಿನ ಡ್ರೇನ್ ಕಾಕ್ ತೆರೆದೊಡನೆ ಗಾಜು ಬರಿದಾಗುತ್ತದೆ, ಮುಚ್ಚಿದೊಡನೆ ನೀರು ಸರ್ರನೆ ಮೇಲೇರುತ್ತದೆ; ನಿಧಾನವಾಗಿ ತೆವಳಿ ಬಂದರೆ ದಾರಿಯಲ್ಲಿ ಹೂಳು ಕಟ್ಟಿದೆ ಎಂದೇ ಲೆಕ್ಕ.

ಒತ್ತಡಕ್ಕೆ ಮೂರು ಕಾವಲುಗಳಿವೆ. ಪ್ರೆಷರ್ ಸ್ವಿಚ್ ದಿನನಿತ್ಯದ ಏರಿಳಿತವನ್ನು ನೋಡಿಕೊಳ್ಳುತ್ತದೆ. ಅದು ಕೈಕೊಟ್ಟರೆ, ಇನ್ನೂ ಮೇಲಿನ ಮಿತಿಗೆ ಹೊಂದಿಸಿದ ಎರಡನೆಯ ಸ್ವಿಚ್ ಎಲ್ಲವನ್ನೂ ನಿಲ್ಲಿಸಿ, ಯಾರಾದರೂ ಬಂದು ಕೈಯಿಂದ ರೀಸೆಟ್ ಮಾಡುವವರೆಗೆ ಹಾಗೆಯೇ ಇರುತ್ತದೆ. ಕಾರಣ ಹುಡುಕದೆ ಆ ಗುಂಡಿಯನ್ನು ಮತ್ತೆ ಮತ್ತೆ ಒತ್ತುವವರನ್ನು ಕಂಡಾಗ ನನಗೆ ಯಂತ್ರಕ್ಕಿಂತ ಆ ಬೆರಳಿನ ಭಯವೇ ಹೆಚ್ಚು. ಕೊನೆಯದು ಸೇಫ್ಟಿ ವಾಲ್ವ್. ಸ್ಪ್ರಿಂಗ್ ಬಲದಿಂದ ಮುಚ್ಚಿಕೊಂಡಿರುವ ಅದು ಒತ್ತಡ ಮಿತಿ ಮೀರಿದರೆ ತಾನೇ ತೆರೆದು ಹಬೆಯನ್ನು ಹೊರಬಿಡುತ್ತದೆ; ಅದಕ್ಕೆ ಕರೆಂಟೂ ಬೇಡ, ಸೆನ್ಸರೂ ಬೇಡ. ಒತ್ತಡದ ಮುಳ್ಳು 7 ಬಾರ್ ತೋರಿಸುವಾಗ ಒಳಗಿನ ನೀರು ಸುಮಾರು 170 ಡಿಗ್ರಿಯಲ್ಲಿರುತ್ತದೆ. ಟ್ಯಾಂಕ್ ಒಡೆದರೆ ಅದರಲ್ಲೊಂದು ಪಾಲು ಕ್ಷಣದಲ್ಲೇ ಹಬೆಯಾಗಿ ಸಿಡಿಯುತ್ತದೆ. ಈ ವಾಲ್ವ್‌ನ ಬಾಯಿಗೆ ಯಾರೂ ಬಿರಡೆ ಜಡಿಯಬಾರದು, ಅದರ ಹೊರಕೊಳವೆ ಜನರು ಓಡಾಡುವ ಕಡೆ ತೆರೆದಿರಲೂಬಾರದು.

ವಿದ್ಯುತ್ತಿನಿಂದಲೇ ಹಬೆ ಮಾಡುವ ಇನ್ನೊಂದು ಬಗೆಯ ಯಂತ್ರವಾದ ಎಲೆಕ್ಟ್ರೋಡ್ ಬಾಯ್ಲರ್‌ನಲ್ಲಿ ಹೀಟರ್ ಕೊಳವೆಗಳೇ ಇಲ್ಲ. ಕರೆಂಟ್ ನೀರಿನ ಮೂಲಕವೇ ಹರಿಯುವುದರಿಂದ ನೀರು ತೀರಿದರೆ ಕಾಯುವುದೂ ತಾನಾಗಿ ನಿಲ್ಲುತ್ತದೆ. ಆದರೂ ಸೇಫ್ಟಿ ವಾಲ್ವ್ ಅದಕ್ಕೂ ತಪ್ಪಿದ್ದಲ್ಲ.