ಕೆಲಸ ಮುಗಿದ ಮೇಲೆ ವಿಳಾಸ ಎಲ್ಲಿಗೆ ಹೋಗುತ್ತದೆ?

ಎಲ್ಲರಿಗೂ ನಮಸ್ಕಾರ.

ನಾನು 34 ವರ್ಷ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವಳು. ಕೌಂಟರಿನಲ್ಲಿ ಕೂತು ಎಷ್ಟೋ ಸಾವಿರ ಜನಕ್ಕೆ ಒಂದೇ ಮಾತು ಹೇಳಿದ್ದೇನೆ: "ವಿಳಾಸ ಪೂರ್ತಿ ಬರೀರಿ. ಮನೆ ನಂಬರ್ ಬಿಡಬೇಡಿ. ಪಿನ್‌ಕೋಡ್ ಹಾಕಿ." ಇವತ್ತು ಅದೇ ನಾನು, ಬೇಕಾದಷ್ಟು ಮಾತ್ರ ಬರೀರಿ, ಕೆಲಸ ಮುಗಿದ ಮೇಲೆ ಹರಿದು ಹಾಕಿ ಅಂತ ಹೇಳಲು ನಿಂತಿದ್ದೇನೆ. ಆನ್‌ಲೈನ್ ಖರೀದಿ ಬಗ್ಗೆ ನಾಲ್ಕು ಮಾತು ಹೇಳಿ ಎಂದು ನಮ್ಮ ಮಹಿಳಾ ಸಮಾಜದವರು ಕೇಳಿದಾಗ ನನಗೆ ಮೊದಲು ಹೊಳೆದದ್ದೇ ಇದು.

ಈ ಡಬ್ಬ ನೋಡಿ. ಇಲ್ಲಿಗೆ ಬರುವ ದಾರಿಯಲ್ಲಿ ಗುಜರಿ ಅಂಗಡಿ ಮುಂದೆ ರಟ್ಟಿನ ಡಬ್ಬಗಳ ರಾಶಿ ಬಿದ್ದಿತ್ತು. ಅಂಗಡಿಯವರನ್ನು ಕೇಳಿ ಒಂದನ್ನು ತಂದೆ. ಇದರ ಮೇಲಿನ ಚೀಟಿಗೆ ನಾನು ಕಪ್ಪು ಟೇಪ್ ಅಂಟಿಸಿದ್ದೇನೆ, ಯಾಕಂದರೆ ಅದು ಯಾರದೋ ಮನೆಯ ವಿಷಯ. ಆದರೆ ಟೇಪ್ ಹಾಕುವ ಮುಂಚೆ ನಾನು ಓದಿದೆ. ಒಬ್ಬರ ಪೂರ್ತಿ ಹೆಸರು ಇತ್ತು. ಮನೆ ನಂಬರ್, ಕ್ರಾಸ್, ಬಡಾವಣೆ. "ಹಾಲಿನ ಬೂತ್ ಎದುರು, ಹಸಿರು ಗೇಟ್, ಮೊದಲ ಮಹಡಿ." ಫೋನ್ ನಂಬರ್. ಕ್ಯಾಶ್ ಆನ್ ಡೆಲಿವರಿ, ಇಷ್ಟು ರೂಪಾಯಿ. ಪಕ್ಕದ ಪ್ಲಾಸ್ಟಿಕ್ ಕವರಿನೊಳಗೆ ಬಿಲ್ಲು. ಬಿಲ್ಲಿನಲ್ಲಿ ಏನು ಗೊತ್ತಾ? ಶುಗರ್ ನೋಡುವ ಪಟ್ಟಿಗಳು.

ನನಗೆ ಆ ಮನೆಯವರ ಮುಖ ಗೊತ್ತಿಲ್ಲ. ಆದರೂ ಆ ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವವರು ಒಬ್ಬರಿದ್ದಾರೆ, ಗೇಟಿನ ಬಣ್ಣ ಹಸಿರು, ಮನೆ ಬಾಗಿಲಲ್ಲಿ ದುಡ್ಡು ಕೊಟ್ಟು ಸಾಮಾನು ತಗೊಳ್ಳುತ್ತಾರೆ, ಇಷ್ಟೂ ಗೊತ್ತಾಯಿತು. ನಾಳೆ ಯಾರೋ ಫೋನ್ ಮಾಡಿ, "ಅಮ್ಮಾ, ನಿಮ್ಮ ಶುಗರ್ ಪಟ್ಟಿ ಪಾರ್ಸೆಲ್ ಇನ್ನೊಂದು ಬಂದಿದೆ, ಹಾಲಿನ ಬೂತ್ ಎದುರು ಮನೆ ಅಲ್ವಾ?" ಅಂದರೆ ಅವರು ನಂಬದೆ ಇರುತ್ತಾರಾ? ಮೋಸಗಾರ ನಮ್ಮ ವಿಷಯ ಚೂರು ಸರಿಯಾಗಿ ಹೇಳಿದರೆ ಸಾಕು, ಉಳಿದ ಸುಳ್ಳನ್ನು ನಾವೇ ನಂಬಿಬಿಡುತ್ತೇವೆ.

ಹಳೆಯ ದಿನಗಳನ್ನು ನೆನೆಸಿಕೊಳ್ಳಿ. ಪೋಸ್ಟ್‌ಮ್ಯಾನ್ ಕಾಗದ ತಂದು ಕೈಗೆ ಕೊಡುತ್ತಿದ್ದ. ಓದಿ ಆದ ಮೇಲೆ ಗೋಡೆಗೆ ತೂಗುಹಾಕಿದ ತಂತಿಗೆ ಅದನ್ನು ಚುಚ್ಚಿ ಇಡುತ್ತಿದ್ದೆವು. ವಿಳಾಸ ಬರೆದ ಕವರು ಕೊನೆಗೆ ಬಂದು ಸೇರುತ್ತಿದ್ದದ್ದು ಆ ವಿಳಾಸದ ಮನೆಗೇ. ಅಲ್ಲಿಂದ ಮುಂದೆ ಹೋಗುತ್ತಿರಲಿಲ್ಲ, ಒಲೆಗೆ ಹೋದರೆ ಉಂಟು. ಈಗ ಹಾಗಿಲ್ಲ. ನೀವು ಒಂದು ಕುಕ್ಕರ್ ತರಿಸಿದರೆ ನಿಮ್ಮ ವಿಳಾಸ ಆ್ಯಪ್‌ನವರ ಹತ್ತಿರ, ಮಾರುವವರ ಹತ್ತಿರ, ಕೊರಿಯರ್‌ನವರ ಹತ್ತಿರ, ಗೋಡೌನಿನಲ್ಲಿ, ತಂದುಕೊಡುವ ಹುಡುಗನ ಫೋನಿನಲ್ಲಿ, ಕೊನೆಗೆ ಕಸದ ಗಾಡಿಯಲ್ಲೂ ಇರುತ್ತದೆ. ವಿಳಾಸ ಕೊಡುವುದು ತಪ್ಪಲ್ಲ. ಕೊಡದೆ ಸಾಮಾನು ಬರುವುದಾದರೂ ಹೇಗೆ? ಆದರೆ ಅದನ್ನು ಕೊಟ್ಟದ್ದು ಒಂದು ಕೆಲಸಕ್ಕೆ. ಆ ಕೆಲಸ ಮುಗಿದ ಮೇಲೂ ಅದು ಊರೆಲ್ಲಾ ಸುತ್ತುತ್ತಿರುವುದು ತಪ್ಪು. ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಪಾರ್ಸೆಲ್ ತರುವ ಹುಡುಗರನ್ನು ಅನುಮಾನದಿಂದ ನೋಡಿ ಅಂತ ನಾನು ಹೇಳುತ್ತಿಲ್ಲ. ಬಿಸಿಲು ಮಳೆ ಅನ್ನದೆ ಮನೆ ಮನೆ ಅಲೆಯುವ ಕಷ್ಟ ನನಗೆ ಚೆನ್ನಾಗಿ ಗೊತ್ತು. ನಮ್ಮ ಬೀಟ್ ಪೋಸ್ಟ್‌ಮ್ಯಾನ್‌ಗಳು ಮಾಡಿದ್ದೂ ಅದೇ. ಬಂದವರಿಗೆ ಒಂದು ಲೋಟ ನೀರು ಕೊಡಿ. ನಾನು ಹೇಳುತ್ತಿರುವುದು ಅವರು ಹೋದ ಮೇಲಿನ ಕಥೆ.

ನಮ್ಮ ಮನೆಯಲ್ಲೇ ಆಯಿತು. ನಾನು ಮದುವೆಗೆಂದು ಹಾಸನಕ್ಕೆ ಹೋಗಿದ್ದೆ. ಮನೆಯಲ್ಲಿ ಅತ್ತೆ ಒಬ್ಬರೇ. ಒಂದು ಪಾರ್ಸೆಲ್ ಬಂತು. ಮೇಲೆ ನಮ್ಮ ಯಜಮಾನರ ಹೆಸರು, ವಿಳಾಸ, ನಂಬರ್, ಎಲ್ಲಾ ಸರಿ. 799 ರೂಪಾಯಿ ಕೊಡಬೇಕು ಅಂದರು. ಮಗ ಏನೋ ತರಿಸಿರಬೇಕು ಅಂತ ಅತ್ತೆ ತಮ್ಮ ಔಷಧಿ ದುಡ್ಡಿನಿಂದ ತೆಗೆದು ಕೊಟ್ಟರು. ಬಿಚ್ಚಿ ನೋಡಿದರೆ ಒಂದು ಹರಕು ದುಪಟ್ಟಾ. ಯಾರೂ ಏನೂ ತರಿಸಿರಲಿಲ್ಲ. ದುಡ್ಡು ಹೋಯಿತು, ಹೋಗಲಿ. ಆದರೆ ಎರಡು ತಿಂಗಳು ಅತ್ತೆ ಕಾಲಿಂಗ್ ಬೆಲ್ ಆದರೆ ಬಾಗಿಲು ತೆಗೆಯಲಿಲ್ಲ. ನನ್ನಿಂದ ತಪ್ಪಾಯಿತು, ತಪ್ಪಾಯಿತು ಅನ್ನುತ್ತಿದ್ದರು. ಅವರದೇನು ತಪ್ಪು? ನಾವು ಡಬ್ಬಗಳನ್ನು ಹಾಗೇ ಆಚೆ ಇಡುತ್ತಿದ್ದೆವು. ವಿಳಾಸ ಯಾವ ದಾರಿಯಲ್ಲಿ ಹೋಯಿತೋ, ಅಂತೂ ಹೋಗಿತ್ತು. ಈಗ ನಮ್ಮ ಮನೆಯಲ್ಲಿ ಒಂದು ಕಟ್ಟು ಮಾಡಿದ್ದೇವೆ. ಯಾರಿಗೆ ಪಾರ್ಸೆಲ್ ಬರುವುದಿದ್ದರೂ ಬೆಳಿಗ್ಗೆ ಫ್ರಿಜ್ ಮೇಲಿನ ಚೀಟಿಯಲ್ಲಿ ಬರೆಯಬೇಕು. ಚೀಟಿಯಲ್ಲಿ ಇಲ್ಲದ್ದಕ್ಕೆ ದುಡ್ಡು ಕೊಡುವ ಹಾಗಿಲ್ಲ.

ಆಮೇಲೆ ಚೀಟಿ ಕೀಳುವ ಕೆಲಸ. ಡಬ್ಬದ ಮೇಲೆ ಅಂಟಿಸುವ ಚೀಟಿಗಳಲ್ಲಿ ಬಹಳಷ್ಟು ಬಸ್ ಟಿಕೆಟ್ ಥರದ ಕಾಗದ. ಶಾಯಿ ಇರುವುದಿಲ್ಲ, ಬಿಸಿ ತಾಗಿದರೆ ಕಪ್ಪಾಗುತ್ತದೆ. ಹಾಗಾಗಿ ಚೀಟಿ ಇರುವ ಭಾಗವನ್ನು ಕತ್ತರಿಸಿಕೊಂಡು, ಮೇಲೆ ಒಂದು ಹಳೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಆಡಿಸಿದರೆ ಪೂರ್ತಿ ಕಪ್ಪು. ಅಕ್ಷರವೇ ಕಾಣುವುದಿಲ್ಲ. ಪ್ಲಾಸ್ಟಿಕ್ ಕವರಿನ ಮೇಲೆ ಮಾತ್ರ ಇದನ್ನು ಮಾಡಬೇಡಿ, ಕರಗಿ ಇಸ್ತ್ರಿಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಕತ್ತರಿಯೇ ಸರಿ. ನೀರಲ್ಲಿ ನೆನೆಸಿ ಕಿತ್ತು, ಸಣ್ಣಗೆ ಹರಿದು ಹಸಿ ಕಸದ ಬುಟ್ಟಿಗೆ ಹಾಕುವವರೂ ಇದ್ದಾರೆ, ಆದರೆ ಈ ಕಾಗದ ಗೊಬ್ಬರಕ್ಕೆ ಒಳ್ಳೆಯದಲ್ಲ. ಹರಿದು ಒಣ ಕಸಕ್ಕೇ ಹಾಕಿ. ಒಳಗಿನ ಬಿಲ್ಲನ್ನು ಮರೆಯಬೇಡಿ, ಅದರಲ್ಲೂ ವಿಳಾಸ ಇರುತ್ತದೆ. ಬಾರ್‌ಕೋಡನ್ನೂ ಬಿಡಬೇಡಿ.

ಇನ್ನು ಬರೆಯುವ ವಿಷಯ. ನಮ್ಮಲ್ಲಿ ವಿಳಾಸ ಅಂದರೆ ಗುರುತು. ಮಾರಮ್ಮನ ಗುಡಿ ಹಿಂದೆ, ಹುಣಸೆಮರದ ಎದುರು, ಇಂಥವರ ಮನೆ ಮೇಲೆ. ಅದೇ ಅಭ್ಯಾಸ ಆ್ಯಪ್‌ನಲ್ಲೂ ಬಂದಿದೆ. ಗುರುತು ಬೀದಿಯವರೆಗೆ ಇರಲಿ. ಬಾಗಿಲವರೆಗೂ ಬೇಡ. ಬೀದಿಗೆ ಬಂದವರು ಫೋನ್ ಮಾಡುತ್ತಾರೆ, ಆಗ ಗೇಟ್ ಹೇಳಿ. "ಮನೇಲಿ ಯಾರೂ ಇಲ್ದಿದ್ರೆ ಚಪ್ಪಲಿ ಸ್ಟ್ಯಾಂಡಿನಲ್ಲಿಡಿ", "ಸಂಜೆ ಆರರ ಮೇಲೆ ಬನ್ನಿ, ಹಗಲು ಮನೆ ಬೀಗ" ಅಂತ ಬರೆಯುವವರನ್ನು ನಾನು ಕಂಡಿದ್ದೇನೆ. ಆ ಎರಡು ಸಾಲು ಡಬ್ಬದ ಮೇಲೂ ಅಚ್ಚಾಗಬಹುದು, ಯೋಚನೆ ಮಾಡಿ. ಒಬ್ಬರೇ ಇರುವ ಹೆಣ್ಣುಮಕ್ಕಳು ಹೆಸರಿನ ಜಾಗದಲ್ಲಿ ಇನಿಷಿಯಲ್ ಮತ್ತು ಮನೆತನದ ಹೆಸರು ಹಾಕಿದರೆ ಸಾಕು. ವಾರಂಟಿ ಇರುವ ಸಾಮಾನಾದರೆ ಬಿಲ್ಲಿನಲ್ಲಿ ಸರಿಯಾದ ಹೆಸರೇ ಇರಲಿ.

ಮನೆಗೇ ಯಾಕೆ ಬರಬೇಕು ಅನ್ನುವ ಪ್ರಶ್ನೆಯೂ ಇದೆ. ಹಳ್ಳಿಗಳಲ್ಲಿ ಬಸ್ ಸ್ಟ್ಯಾಂಡ್ ಹತ್ತಿರದ ಪರಿಚಯದ ಅಂಗಡಿಗೆ ತರಿಸಿಕೊಳ್ಳುತ್ತಾರೆ. ಒಳ್ಳೆಯ ಪದ್ಧತಿ. ಕೆಲಸಕ್ಕೆ ಹೋಗುವವರು ಆಫೀಸಿಗೆ ತರಿಸಬಹುದು. ಮನೆಯಲ್ಲೇ ಸಣ್ಣ ವ್ಯಾಪಾರ ಮಾಡುವವರು, ಉಪ್ಪಿನಕಾಯಿ, ಸೀರೆ ಕುಚ್ಚು ಕಳಿಸುವವರು, ನಿಮ್ಮ ಅಂಚೆ ಕಚೇರಿಯಲ್ಲಿ ಪೋಸ್ಟ್ ಬಾಕ್ಸ್ ಸಿಗುತ್ತದಾ ಕೇಳಿ. ಪಾರ್ಸೆಲ್ ಮೇಲೆ ಕಳಿಸಿದವರ ವಿಳಾಸವಾಗಿ ಮನೆ ಬದಲು ಆ ನಂಬರ್ ಇರುತ್ತದೆ.

ಸೀರೆ ಅಂದಾಗ ನೆನಪಾಯಿತು. ಫೇಸ್‌ಬುಕ್‌ನಲ್ಲಿ ಲೈವ್ ಮಾರಾಟ ನೋಡುತ್ತೀರಿ ಅಲ್ವಾ? ಒಂದು ಒಳ್ಳೆ ಸೀರೆ ಬಂದ ತಕ್ಷಣ ಎಷ್ಟೋ ಜನ ಕಾಮೆಂಟಿನಲ್ಲೇ ಫೋನ್ ನಂಬರ್, ಮನೆ ವಿಳಾಸ ಹಾಕಿಬಿಡುತ್ತಾರೆ. ಅದನ್ನು ಇಡೀ ಲೋಕ ಓದುತ್ತದೆ. ಲೈವ್ ಮುಗಿದರೂ ಕಾಮೆಂಟ್ ಅಲ್ಲೇ ಇರುತ್ತದೆ. ಇನ್ನು ಕೆಲವು ಮಾರಾಟಗಾರರು "ಇವತ್ತಿನ ಪಾರ್ಸೆಲ್‌ಗಳು ಹೊರಟವು" ಅಂತ ಸ್ಟೇಟಸ್ ಹಾಕುತ್ತಾರೆ, ಚಿತ್ರದಲ್ಲಿ ಎಲ್ಲರ ವಿಳಾಸ ಕಾಣುತ್ತಿರುತ್ತದೆ. ಸಂಕೋಚ ಬೇಡ, "ಅಕ್ಕಾ, ನನ್ನ ವಿಳಾಸ ಕಾಣ್ತಿದೆ, ದಯವಿಟ್ಟು ತೆಗೀರಿ" ಅನ್ನಿ.

ಈಗ ಹೇಳುವುದು ನನಗೆ ತುಂಬಾ ಮುಖ್ಯ. ನನ್ನ ಪರಿಚಯದ ಒಬ್ಬ ಹುಡುಗಿ ಗಂಡನ ಹೊಡೆತ ತಾಳಲಾರದೆ ಬೇರೆ ಊರಿಗೆ ಹೋಗಿ ರೂಮ್ ಮಾಡಿಕೊಂಡಳು. ಎಲ್ಲಿದ್ದೇನೆ ಅಂತ ತವರಿಗೂ ಪೂರ್ತಿ ಹೇಳಿರಲಿಲ್ಲ. ಹೊಸ ಮನೆಗೆ ಒಂದು ಮಿಕ್ಸಿ ತರಿಸಿದಳು, ಹಳೆಯ ಅಕೌಂಟಿನಿಂದಲೇ. ಆ ಅಕೌಂಟ್ ಗಂಡನ ಫೋನಿನಲ್ಲೂ ತೆರೆದಿತ್ತು. ಆರ್ಡರ್ ಪಟ್ಟಿಯಲ್ಲಿ ಹೊಸ ವಿಳಾಸ ಬಂತು. ನಾಲ್ಕನೇ ದಿನ ಅವನು ಬಾಗಿಲಲ್ಲಿ ನಿಂತಿದ್ದ. ಮಿಕ್ಸಿ ಬರುವ ಮೊದಲೇ ಅವನು ಬಂದ. ಅಕ್ಕಪಕ್ಕದವರು ಓಡಿಬಂದರು, ಅವಳು ಉಳಿದಳು. ಇಂಥ ಪರಿಸ್ಥಿತಿಯಲ್ಲಿ ಇರುವವರು ಯಾರಾದರೂ ನಿಮಗೆ ಗೊತ್ತಿದ್ದರೆ ದಯವಿಟ್ಟು ಹೇಳಿ: ಹೊಸ ನಂಬರಿನಲ್ಲಿ, ಹೊಸ ಇಮೇಲ್‌ನಲ್ಲಿ ಹೊಸ ಅಕೌಂಟ್ ಮಾಡಿಕೊಳ್ಳಬೇಕು. ಹಳೆಯದನ್ನು ಮುಟ್ಟಲೇಬಾರದು. ಊಟ ತರಿಸುವ ಆ್ಯಪ್, ಟ್ಯಾಕ್ಸಿ ಆ್ಯಪ್ ಎಲ್ಲಕ್ಕೂ ಇದೇ ಮಾತು. ಮಹಿಳಾ ಸಹಾಯವಾಣಿ 181. ತಕ್ಷಣದ ಅಪಾಯ ಇದ್ದರೆ 112.

ಕಂಪನಿಗಳಿಂದಲೇ ವಿಳಾಸ ಸೋರುವುದೂ ಉಂಟು. 2020ರಲ್ಲಿ ಬಿಗ್‌ಬಾಸ್ಕೆಟ್‌ನ ಸುಮಾರು 2 ಕೋಟಿ ಗ್ರಾಹಕರ ಮಾಹಿತಿ ಸೋರಿದೆ ಎಂದು ಸುದ್ದಿಯಾಯಿತು. 2021ರಲ್ಲಿ ಡಾಮಿನೋಸ್‌ನ 18 ಕೋಟಿ ಆರ್ಡರ್‌ಗಳ ವಿವರ ಹೊರಬಿದ್ದಿದೆ ಎಂಬ ಸುದ್ದಿ ಬಂತು. ಕಾರ್ಡ್ ವಿವರ ಹೋಗಿಲ್ಲ ಎಂದು ಕಂಪನಿಗಳು ಹೇಳಿದವು. ಎಲ್ಲರೂ ಸಮಾಧಾನ ಪಟ್ಟರು. ನನಗೆ ಸಮಾಧಾನ ಆಗಲಿಲ್ಲ. ಕಾರ್ಡ್ ಹೋದರೆ ಬ್ಯಾಂಕಿಗೆ ಹೇಳಿ ಬೇರೆ ತಗೋಬಹುದು. ಮನೆ ಬದಲಾಯಿಸೋಕೆ ಆಗುತ್ತಾ?

ಕಾನೂನು ಇದೆಯಾ ಅಂತ ಕೇಳುತ್ತೀರಿ. ಇದೆ. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಪ್ರಕರಣಕ್ಕೆ ಹೆಸರು ಬಂದದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಅರ್ಜಿ ಹಾಕಿದಾಗ ಅವರಿಗೆ 80 ದಾಟಿತ್ತು. ಆಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ಕಂಪನಿಗಳ ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶ ಕೊಟ್ಟಿದ್ದಾರೆ. ಮಾಹಿತಿ ಭದ್ರವಾಗಿ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. 2 ಕೋಟಿ ಅಥವಾ ಅದಕ್ಕಿಂತ ಹೆಚ್ಚು ಗ್ರಾಹಕರಿರುವ ದೊಡ್ಡ ಮಾರಾಟ ತಾಣಗಳು, ಗ್ರಾಹಕರು ಮೂರು ವರ್ಷ ಆ ಕಡೆ ತಲೆ ಹಾಕದಿದ್ದರೆ ಅವರ ಮಾಹಿತಿ ಅಳಿಸಬೇಕು. ಮೂರು ವರ್ಷ ಜಾಸ್ತಿ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಬಾಡಿಗೆ ಮನೆಯವರು ಅಷ್ಟರಲ್ಲಿ ಎರಡು ಮನೆ ಬದಲಾಯಿಸಿರುತ್ತಾರೆ. ಅಷ್ಟು ದಿನ ಕಾಯಬೇಡಿ. ಪ್ರತಿ ಕಂಪನಿಯಲ್ಲೂ ಕುಂದುಕೊರತೆ ಅಧಿಕಾರಿ ಇರಲೇಬೇಕು ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ಬಂದ 48 ಗಂಟೆಯೊಳಗೆ ತಲುಪಿತು ಅನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅವರು ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915.

ನನ್ನ ಇಲಾಖೆಯ ಹೆಸರಿನಲ್ಲಿ ನಡೆಯುವ ಮೋಸ ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. "ನಿಮ್ಮ ಪಾರ್ಸೆಲ್ ಗೋಡೌನಿಗೆ ಬಂದಿದೆ, ವಿಳಾಸ ಸರಿಯಿಲ್ಲ, ಈ ಲಿಂಕ್ ಒತ್ತಿ ಸರಿಪಡಿಸಿ" ಅಂತ ಸಂದೇಶ ಬರುತ್ತದೆ. ಅಂಚೆ ಇಲಾಖೆ ಹೀಗೆ ಕಳಿಸುವುದಿಲ್ಲ. ಅಂಥ ಲಿಂಕ್ ಒತ್ತಬೇಡಿ, ಬೇಕಾದರೆ ಅಂಚೆ ಕಚೇರಿಗೇ ಹೋಗಿ ಕೇಳಿ. ಇನ್ನೊಂದು ಥರ, ಕೊರಿಯರ್‌ನವರು ಅಂತ ಫೋನ್ ಮಾಡಿ, ಸ್ಟಾರ್ 401 ಸ್ಟಾರ್ ಒತ್ತಿ ಈ ನಂಬರ್ ಹಾಕಿ ಅನ್ನುತ್ತಾರೆ. ಹಾಕಿದರೆ ನಿಮಗೆ ಬರುವ ಕರೆಗಳೆಲ್ಲ ಅವರಿಗೆ ಹೋಗುತ್ತವೆ, ಕರೆಯಲ್ಲಿ ಬರುವ ಒಟಿಪಿ ಕೂಡ. ಗೊತ್ತಿಲ್ಲದೆ ಒತ್ತಿಬಿಟ್ಟಿದ್ದರೆ ##002# ಡಯಲ್ ಮಾಡಿ, ರದ್ದಾಗುತ್ತದೆ. ದುಡ್ಡು ಹೋಗಿದ್ದರೆ ಆ ಕ್ಷಣವೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು.

ನಾನು ಇನ್ನೂ ಮಾತಾಡಬಹುದು, ಆದರೆ ಕೇಳಿ ಮನೆಗೆ ಹೋದ ಮೇಲೆ ಮರೆಯುತ್ತೇವೆ. ಇಲ್ಲೇ ಮಾಡೋಣ. ಎಲ್ಲರೂ ಫೋನ್ ತೆಗೀರಿ. ನೀವು ಜಾಸ್ತಿ ಬಳಸುವ ಆ್ಯಪ್ ತೆರೆದು, ನಿಮ್ಮ ಅಕೌಂಟಿನಲ್ಲಿ ಸೇವ್ ಆದ ವಿಳಾಸಗಳ ಪಟ್ಟಿ ಹುಡುಕಿ. ಹಳೆ ಬಾಡಿಗೆ ಮನೆ, ಮಗಳ ಹಾಸ್ಟೆಲ್, ತೀರಿಕೊಂಡ ಅತ್ತಿಗೆಯ ಮನೆ, ಏನೇನಿದೆ ನೋಡಿ. ಈಗ ಬೇಡದ್ದನ್ನು ತೆಗೀರಿ. ಸಿಗದಿದ್ದವರು ಕೈ ಎತ್ತಿ, ನಾನೇ ಬರುತ್ತೇನೆ. ಮನೆಯಿಂದ ಡಬ್ಬ ತಂದವರು ಮುಂದೆ ಬನ್ನಿ. ಕತ್ತರಿ ಇಲ್ಲಿ ಮೇಜಿನ ಮೇಲಿದೆ.