ಹಸಿರು ಅಂಗಿ ತೊಡಲು ವಂಶಾವಳಿ ಬೇಕೇ?

ನಮಸ್ಕಾರ. ನೀವೀಗ ನೋಡುತ್ತಿರುವುದು ಐರ್ಲೆಂಡಿನ ರಾಜಧಾನಿ ಡಬ್ಲಿನ್ನಿನ ಒ'ಕಾನೆಲ್ ಬೀದಿ, ಮಾರ್ಚ್ 17ರ ಬೆಳಿಗ್ಗೆ. ಐರಿಷರ ದೊಡ್ಡ ಹಬ್ಬವಾದ ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆ ಇನ್ನೂ ಹೊರಟಿಲ್ಲ. ಜನ ಮಾತ್ರ ಆಗಲೇ ಕಬ್ಬಿಣದ ಬೇಲಿಗೆ ಒರಗಿ ಜಾಗ ಹಿಡಿದಿದ್ದಾರೆ. ಹಸಿರು ಟೋಪಿ, ಹಸಿರು ಕನ್ನಡಕ, ಅಂಟಿಸಿಕೊಂಡ ಕೆಂಪು ಗಡ್ಡ. ಒಂದು ಕಡೆಯಿಂದ ಪೋರ್ಚುಗೀಸ್ ಕೇಳಿಸುತ್ತದೆ, ಇನ್ನೊಂದು ಕಡೆಯಿಂದ ಪೋಲಿಷ್, ಸ್ವಲ್ಪ ಆಚೆ ಮಲಯಾಳ. ಈ ವಿಡಿಯೋ ಊರಿಗೆ ಕಳುಹಿಸಿದಾಗ ನಮ್ಮ ಸೋದರಮಾವ ಕೇಳಿದ್ದು ಇಷ್ಟೇ: "ಅಲ್ಲವೋ, ಅವರ ಹಬ್ಬದಲ್ಲಿ ನಿನಗೇನು ಕೆಲಸ?"

ನ್ಯಾಯವಾದ ಪ್ರಶ್ನೆ. ಐರಿಷ್ ರಕ್ತದ ಒಂದು ಹನಿಯೂ ಇಲ್ಲದವರು ಈ ಹಬ್ಬ ಆಚರಿಸಬಹುದೇ? ಧಾರಾಳವಾಗಿ ಆಚರಿಸಬಹುದು ಎಂಬುದು ನನ್ನ ಅಭಿಪ್ರಾಯ. ಆದರೆ "ಎಲ್ಲರೂ ಒಂದೇ" ಎಂಬ ಸವಕಲು ಕಾರಣಕ್ಕಲ್ಲ.

ಮೊದಲು ಹಬ್ಬದ ನಾಯಕನನ್ನೇ ನೋಡಿ. ಪ್ಯಾಟ್ರಿಕ್ ಹುಟ್ಟಿನಿಂದ ಐರಿಷ್ ಅಲ್ಲ. 5ನೇ ಶತಮಾನದವನು, ರೋಮನ್ ಬ್ರಿಟನ್ನಿನ ಉಳ್ಳವರ ಮನೆಯ ಹುಡುಗ. ಹದಿನಾರರ ಸುಮಾರಿಗೆ ಐರಿಷ್ ದಾಳಿಕೋರರು ಅವನನ್ನು ಹೊತ್ತೊಯ್ದು, ಗುಲಾಮನನ್ನಾಗಿ ಮಾಡಿ, ಆರು ವರ್ಷ ಕುರಿ ಕಾಯಿಸಿದರು. ತಪ್ಪಿಸಿಕೊಂಡು ಮನೆ ಸೇರಿದವನು ಮುಂದೆ ಪಾದ್ರಿಯಾಗಿ ಅದೇ ನಾಡಿಗೆ ಮರಳಿದ. ಇದನ್ನೆಲ್ಲ ಲ್ಯಾಟಿನ್‌ನಲ್ಲಿ ಅವನೇ ಬರೆದಿಟ್ಟಿದ್ದಾನೆ. ವಂಶ ನೋಡಿ ಒಳಗೆ ಬಿಡುವುದಾದರೆ ಮೊದಲು ಬಾಗಿಲಾಚೆ ನಿಲ್ಲಬೇಕಾದವನು ಅವನೇ.

ಮೆರವಣಿಗೆಯೂ ಈ ನೆಲದಲ್ಲಿ ಹುಟ್ಟಿದ್ದಲ್ಲ. ನ್ಯೂಯಾರ್ಕಿನಲ್ಲಿ ಅದು 1762ರಿಂದ ನಡೆಯುತ್ತಿದೆ. ಡಬ್ಲಿನ್ನಿನಲ್ಲಿ ಸರ್ಕಾರದ ಮೆರವಣಿಗೆ ಹೊರಟದ್ದು 1931ರಲ್ಲಿ. ಇಲ್ಲಿನವರಿಗೆ ಅದು ಚರ್ಚಿಗೆ ಹೋಗಿ ಬರುವ, ಅಂಗಿಗೆ ಮೂರು ದಳದ ಶ್ಯಾಮ್‌ರಾಕ್ ಎಲೆ ಸಿಕ್ಕಿಸಿಕೊಳ್ಳುವ ದಿನವಾಗಿತ್ತು. 1927ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅಂದು ಪಬ್ಬುಗಳಿಗೆ ಬೀಗ! ಹೊಟ್ಟೆಪಾಡಿಗೆ ಸಮುದ್ರ ದಾಟಿದವರು, ಅದರಲ್ಲೂ 1845ರ ನಂತರದ ಆಲೂಗೆಡ್ಡೆ ಕ್ಷಾಮದಿಂದ ಓಡಿಹೋದವರು, ಪರದೇಶದಲ್ಲಿ ತಲೆಯೆತ್ತಿ ನಡೆಯಲು ಬೆಳೆಸಿಕೊಂಡ ಹಬ್ಬವಿದು. ವಲಸಿಗರ ಹಬ್ಬದಲ್ಲಿ ಇನ್ನೊಬ್ಬ ವಲಸಿಗ ನಿಂತರೆ ಯಾರ ಗಂಟು ಹೋಗುತ್ತದೆ?

ಇನ್ನು ರಕ್ತವಿದ್ದವರನ್ನೆಲ್ಲ ಅಪ್ಪಿಕೊಂಡರು ಎನ್ನುವುದೂ ಸುಳ್ಳು. ನ್ಯೂಯಾರ್ಕಿನ ಅದೇ ಮೆರವಣಿಗೆ ಸಲಿಂಗಿ ಐರಿಷ್ ಅಮೆರಿಕನ್ನರ ಗುಂಪುಗಳು ತಮ್ಮ ಬ್ಯಾನರ್ ಹಿಡಿದು ನಡೆಯುವುದನ್ನು ದಶಕಗಳ ಕಾಲ ತಡೆಯಿತು. ಅವರಿಗೆ ಆ ಬಾಗಿಲು ತೆರೆದದ್ದು 2016ರಲ್ಲಷ್ಟೇ.

ನನಗೆ ಬಹಳ ಹಿಡಿಸಿದ ಉದಾಹರಣೆ ಕೆರಿಬಿಯನ್ನಿನ ಮಾಂಟ್‌ಸೆರಾಟ್ ದ್ವೀಪ. 17ನೇ ಶತಮಾನದಲ್ಲಿ ಅಲ್ಲಿ ಐರಿಷರು ನೆಲೆಸಿದರು. ಜೀತಕ್ಕೆ ಬಂದವರೂ ಇದ್ದರು, ಆಫ್ರಿಕನ್ ಗುಲಾಮರನ್ನು ದುಡಿಸಿಕೊಂಡ ಒಡೆಯರೂ ಇದ್ದರು. 1768ರ ಮಾರ್ಚ್ 17ರಂದು ಒಡೆಯರು ಹಬ್ಬದ ಅಮಲಿನಲ್ಲಿರುತ್ತಾರೆಂದು ಲೆಕ್ಕ ಹಾಕಿ ಗುಲಾಮರು ದಂಗೆಗೆ ಸಜ್ಜಾದರು. ಗುಟ್ಟು ರಟ್ಟಾಯಿತು, ನಾಯಕರನ್ನು ಗಲ್ಲಿಗೇರಿಸಿದರು. ಇಂದು ಆ ದಿನ ಅಲ್ಲಿ ಸರ್ಕಾರಿ ರಜೆ. ಹಸಿರು ತೊಡುತ್ತಾರೆ, ಕುಣಿಯುತ್ತಾರೆ, ದಂಗೆಯೆದ್ದವರನ್ನು ನೆನೆಯುತ್ತಾರೆ. ದ್ವೀಪಕ್ಕೆ ಬಂದವರ ಪಾಸ್‌ಪೋರ್ಟಿಗೆ ಶ್ಯಾಮ್‌ರಾಕ್ ಮುದ್ರೆ ಒತ್ತುತ್ತಾರೆ. ಅದು ಯಾರ ಹಬ್ಬ ಎಂದು ಅವರ ಮುಂದೆ ನಿಂತು ಕೇಳುವ ಧೈರ್ಯ ನನಗಿಲ್ಲ.

ಹಾಗಾದರೆ ಯಾರು ಹೇಗೆ ಬೇಕಾದರೂ ಆಚರಿಸಬಹುದೇ? ಇಲ್ಲಿ ನನ್ನ ತಕರಾರಿದೆ. ಆ ಕೆಂಪು ಗಡ್ಡ, ತೂರಾಡುವ ನಟನೆ ನೋಡಿದಿರಲ್ಲ. 19ನೇ ಶತಮಾನದ ಲಂಡನ್ ಮತ್ತು ನ್ಯೂಯಾರ್ಕ್ ಪತ್ರಿಕೆಗಳ ವ್ಯಂಗ್ಯಚಿತ್ರಗಳಲ್ಲಿ ಐರಿಷ್ ಮನುಷ್ಯನೆಂದರೆ ಮಂಗನ ಮುಖದ ಕುಡುಕ. ಆ ಅಪಹಾಸ್ಯವನ್ನೇ ಈಗ ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಅಜ್ಜಿ ಕಾರ್ಕ್ ಕೌಂಟಿಯವಳು ಎಂದು ಎದೆ ತಟ್ಟಿಕೊಳ್ಳುವವರೂ ಇದನ್ನೇ ಮಾಡುತ್ತಾರೆ. ಅಜ್ಜಿಯ ಹೆಸರು ಹೇಳಿದ ಮಾತ್ರಕ್ಕೆ ಅದು ಸಭ್ಯವಾಗುವುದಿಲ್ಲ.

ಈಗ ಬೇರೆ ದೃಶ್ಯ. ಇದು ಫೆಬ್ರವರಿಯಲ್ಲಿ ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಚಿತ್ರಿಸಿದ್ದು. ಐರ್ಲೆಂಡಿನ ಸಂತಳಾದ ಸೇಂಟ್ ಬ್ರಿಜಿಡ್ ಹಬ್ಬ. 2023ರಿಂದ ಅದಕ್ಕೂ ರಜೆ ಸಿಕ್ಕಿದೆ, ಹೆಣ್ಣೊಬ್ಬಳ ಹೆಸರಿನಲ್ಲಿ ಈ ದೇಶ ಕೊಟ್ಟ ಮೊದಲ ಸಾರ್ವಜನಿಕ ರಜೆ. ಮೇಜಿನ ಮೇಲೆ ಬ್ರಿಜಿಡಳ ಶಿಲುಬೆ ಹೆಣೆಯಲು ಹಸಿ ಜೊಂಡಿನ ರಾಶಿ. ಒಂದು ಜೊಂಡನ್ನು ನೆಟ್ಟಗೆ ಹಿಡಿದು, ಇನ್ನೊಂದನ್ನು ನಡುವಿಗೆ ಮಡಚಿ ಅದರ ಸೊಂಟಕ್ಕೆ ಸುತ್ತಬೇಕು. ಕಾಲು ಸುತ್ತು ತಿರುಗಿಸಿ ಮತ್ತೊಂದು, ಮತ್ತೆ ತಿರುಗಿಸಿ ಇನ್ನೊಂದು. ನಡುವನ್ನು ಹೆಬ್ಬೆರಳಿನಿಂದ ಅದುಮಿಯೇ ಇರಬೇಕು. ಒಮ್ಮೆ ಬಿಟ್ಟರೆ ಅಷ್ಟೂ ಸಡಿಲ. ನಾಲ್ಕು ತೋಳು ಬೆಳೆದ ಮೇಲೆ ತುದಿಗಳನ್ನು ದಾರದಿಂದ ಕಟ್ಟಿ, ಉದ್ದ ಉಳಿದದ್ದನ್ನು ಕತ್ತರಿಸುತ್ತಾರೆ. ಮನೆಗೆ ಬೆಂಕಿ ತಗುಲದಿರಲೆಂದು ಈ ಶಿಲುಬೆಯನ್ನು ಬಾಗಿಲ ಮೇಲೆ ತೂಗುಹಾಕುವುದು ವಾಡಿಕೆ. ಕಲಿಸಲು ಬಂದಿದ್ದ ಹಿರಿಯ ಮಹಿಳೆ ನನ್ನ ಊರು ಕೇಳಲಿಲ್ಲ. "ಬಿಗಿ ಮಾಡಪ್ಪ, ಒಣಗಿದರೆ ಇನ್ನಷ್ಟು ಸಡಿಲವಾಗುತ್ತದೆ" ಎಂದು ನನ್ನ ಬೆರಳನ್ನೇ ಹಿಡಿದು ಒತ್ತಿದರು. ನಮ್ಮ ಬೀದಿಯ ಗಣಪತಿ ಪೆಂಡಾಲಿನಲ್ಲೂ ಪ್ರಸಾದ ಕೊಡುವವರು ಗೋತ್ರ ಕೇಳುತ್ತಿರಲಿಲ್ಲ. (ಕೇಳುವ ಕಡೆಗಳೂ ಇವೆ, ಆ ಮಾತು ಬೇರೆ.)

ವಂಶಾವಳಿ ಬೇಕಾಗುವುದು ಹಬ್ಬಕ್ಕಲ್ಲ, ಪಾಸ್‌ಪೋರ್ಟಿಗೆ. ಐರ್ಲೆಂಡಿನಲ್ಲಿ ಹುಟ್ಟಿದ ಅಜ್ಜನೋ ಅಜ್ಜಿಯೋ ಇದ್ದರೆ, ಈ ನೆಲ ಮೆಟ್ಟದ ಶಿಕಾಗೋ ನಿವಾಸಿಯೂ ಹೆಸರು ನೋಂದಾಯಿಸಿ ಪ್ರಜೆಯಾಗಬಹುದು. 2004ರ ಜನಮತಗಣನೆಯ ನಂತರ, ಡಬ್ಲಿನ್ನಿನ ಆಸ್ಪತ್ರೆಯಲ್ಲಿ ಹುಟ್ಟಿದ ನಮ್ಮಂಥವರ ಮಗುವಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ; ಹೆತ್ತವರಲ್ಲೊಬ್ಬರು ಮಗು ಹುಟ್ಟುವ ಮುಂಚಿನ 4 ವರ್ಷಗಳಲ್ಲಿ 3 ವರ್ಷ ಲೆಕ್ಕಕ್ಕೆ ಬರುವ ವೀಸಾದಲ್ಲಿ ಇಲ್ಲಿ ಇದ್ದಿರಬೇಕು. 2022ರ ಜನಗಣತಿಯಂತೆ ಇಲ್ಲಿನ ಐವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು. ಹಬ್ಬ ನಡೆಯುವುದು ಅವರನ್ನೂ ಸೇರಿಸಿಕೊಂಡೇ.

ಎಲ್ಲವೂ ಹಿತವಾಗಿದೆ ಎಂದು ತುಪ್ಪ ಸವರಲಾರೆ. 2025ರ ಬೇಸಿಗೆಯಲ್ಲಿ ಡಬ್ಲಿನ್ನಿನಲ್ಲಿ ಭಾರತೀಯರ ಮೇಲೆ ಹಲ್ಲೆಗಳು ನಡೆದವು. ಫೀನಿಕ್ಸ್ ಪಾರ್ಕಿನ ಇಂಡಿಯಾ ಡೇ ಕಾರ್ಯಕ್ರಮವನ್ನೇ ಮುಂದೂಡಬೇಕಾಯಿತು. ಮಾರ್ಚ್‌ನಲ್ಲಿ ನಮ್ಮ ಬಣ್ಣದ ಉಡುಗೆಗೆ ಚಪ್ಪಾಳೆ, ಆಗಸ್ಟ್‌ನಲ್ಲಿ ಬಸ್ ನಿಲ್ದಾಣದಲ್ಲಿ ಹಿಂದೆ ಮುಂದೆ ನೋಡಿಕೊಂಡು ನಿಲ್ಲುವ ಪಾಡು. ಹಾಗೆಂದು ನಾನು ಮನೆಯೊಳಗೆ ಕೂರಲಿಲ್ಲ. ತೆರಿಗೆ ಕಟ್ಟುವ ಊರಿನ ಬೀದಿಯಲ್ಲಿ ನಿಲ್ಲಲು ಯಾರ ಅಜ್ಜಿಯ ಹೆಸರೂ ನನಗೆ ಬೇಕಿಲ್ಲ.

ಬರುವ ಮಾರ್ಚ್‌ನಲ್ಲಿ ನೀವು ಇಲ್ಲಿರುವುದಾದರೆ, ಮೆರವಣಿಗೆ ಮಧ್ಯಾಹ್ನ 12ಕ್ಕೆ ಪಾರ್ನೆಲ್ ಸ್ಕ್ವೇರ್ ಕಡೆಯಿಂದ ಹೊರಡುತ್ತದೆ. ಮಕ್ಕಳಿದ್ದರೆ ಬೇಗ ಬಂದು ಮುಂದಿನ ಸಾಲು ಹಿಡಿಯಿರಿ, ಮಳೆ ಅಂಗಿ ಮರೆಯಬೇಡಿ. ಮೆರವಣಿಗೆ ಮುಗಿದ ಮೇಲೆ ಪಬ್ಬುಗಳೇ ತುಂಬಿದ ಟೆಂಪಲ್ ಬಾರ್ ಬಡಾವಣೆ ಕಡೆ ಮಾತ್ರ ಕಾಲಿಡಬೇಡಿ: ಅಲ್ಲಿನ ಬಿಯರ್ ಬೆಲೆ ಕೇಳಿದರೆ ಏರಿದ ನಶೆಯೂ ಇಳಿಯುತ್ತದೆ.