ಮನೆ ಹಿಂದಿನ ಬರೆ

ಕೇಳುಗರಿಗೆ ನಮಸ್ಕಾರ.

ಬರೆ ಅಂದರೆ ಏನು ಅಂತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮನೆಗೋ ರಸ್ತೆಗೋ ಗುಡ್ಡ ಕಡಿದಾಗ ಹಿಂದೆ ಗೋಡೆಯಂತೆ ನಿಲ್ಲುವ ಮಣ್ಣು. ಮಳೆಗಾಲ ಬಂತೆಂದರೆ ‘ಬರೆ ಕುಸಿತ’ ಎನ್ನುವ ಮಾತಿಲ್ಲದೆ ನಮ್ಮ ಪತ್ರಿಕೆಗಳು ಅಚ್ಚಾಗುವುದಿಲ್ಲ. ನಮ್ಮ ಮನೆ ಹಿಂದೆಯೂ ಒಂದಿದೆ, ಸುಮಾರು 15 ಅಡಿ ಎತ್ತರ. ಭೂವಿಜ್ಞಾನ ನಮ್ಮ ದಿನನಿತ್ಯದ ಬದುಕಿಗೆ ಏಕೆ ಬೇಕು ಎಂಬ ವಿಷಯದ ಮೇಲೆ ಮಾತಾಡಿ ಅಂದಾಗ ನನಗೆ ಮೊದಲು ನೆನಪಾದದ್ದು ಅದೇ. ಚಿನ್ನದ ಗಣಿ, ಎಣ್ಣೆ ಬಾವಿ, ಜ್ವಾಲಾಮುಖಿ ಎಲ್ಲ ನಮಗೆ ದೂರ. ಈ ಬರೆ ಅಡುಗೆಮನೆ ಕಿಟಕಿಯಿಂದ ಆರು ಅಡಿ.

ಮಳೆ ಬಿಟ್ಟ ಒಂದು ಬೆಳಿಗ್ಗೆ ನಿಮ್ಮ ಬರೆಯನ್ನು ಸಾವಕಾಶವಾಗಿ ನೋಡಿ. ಮೇಲೆ ಒಂದು ಮೊಳ ಕಪ್ಪು ಮಣ್ಣು, ಕಾಫಿ ಬೇರು, ತರಗೆಲೆ. ಅದರ ಕೆಳಗೆ ಕೆಂಪು. ಇನ್ನೂ ಕೆಳಗೆ ಹಳದಿ, ಬಿಳಿ ಬೆರೆತ ಮೆತ್ತನೆಯ ಪದರ. ಅದರೊಳಗೆ ಗೆರೆಗಳು ಬಳುಕಿಕೊಂಡು ಹೋಗಿರುತ್ತವೆ. ಬೆರಳಲ್ಲಿ ಒತ್ತಿದರೆ ಪುಡಿ. ಆ ಗೆರೆಗಳು ಬಂಡೆಯವು. ನಮ್ಮ ಅಡಿಯಲ್ಲಿರುವ ನೈಸ್ ಎಂಬ ಶಿಲೆಯ ಪಟ್ಟೆಗಳೇ ಅವು. ಬಂಡೆ ನಿಂತಲ್ಲೇ ಕೊಳೆತಿದೆ, ಅದರ ಗೆರೆ ಮಾತ್ರ ಉಳಿದಿದೆ.

ಕಲ್ಲೂ ಕೊಳೆಯುತ್ತದೆಯೇ ಎಂದು ಮಕ್ಕಳು ಕೇಳುತ್ತಾರೆ. ಕೊಳೆಯುತ್ತದೆ. ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿದ ಮಳೆನೀರು ತುಸು ಹುಳಿಯಾಗುತ್ತದೆ. ಆ ನೀರು ಲಕ್ಷಾಂತರ ವರ್ಷ ಇಳಿದರೆ ಕಲ್ಲಿನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಜೇಡಿಯಾಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ, ಬೆಣಚು ಮಾತ್ರ ಮರಳಾಗಿ ಉಳಿಯುತ್ತದೆ. ಮೂಲ ಬಂಡೆಯ ವಯಸ್ಸು ಕೇಳಿದರೆ ತಲೆ ತಿರುಗುತ್ತದೆ. ಜಿರ್ಕಾನ್ ಎಂಬ ಸಣ್ಣ ಹರಳಿನೊಳಗೆ ಎಷ್ಟು ಯುರೇನಿಯಂ ಸೀಸವಾಗಿದೆ ಎಂದು ಅಳೆದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ: ಕೊಡಗಿನ ಬಂಡೆಗಳಲ್ಲಿ ಹಲವು 300 ಕೋಟಿ ವರ್ಷಕ್ಕೂ ಹಳೆಯವು. ನಮ್ಮ ನೆಲವೂ ಧಾರವಾಡದ ಪ್ರಾಚೀನ ಭೂಖಂಡವೂ ಕೂಡುವಲ್ಲಿ ಕಲ್ಲುಗಳು ಉಜ್ಜಿ, ಎಳೆದಾಡಿಕೊಂಡ ಒಂದು ಪಟ್ಟಿಯಿದೆ. ಮಡಿಕೇರಿಯ ಹಳೆಯ ಹೆಸರಿನಿಂದಲೇ ಅದನ್ನು ಮರ್ಕರಾ ಶಿಯರ್ ಝೋನ್ ಎನ್ನುತ್ತಾರೆ. ಭೂವಿಜ್ಞಾನದ ಲೋಕದಲ್ಲಿ ನಮ್ಮೂರಿಗೆ ಹೀಗೊಂದು ಹೆಸರಿದೆ ಎಂಬುದು ನಮ್ಮ ಶಾಲೆಗಳಲ್ಲಿ ಹೇಳಬೇಕಾದ ಮಾತು.

ಈ ಕೊಳೆತ ಬಂಡೆಯೇ ನಮ್ಮನ್ನು ಸಾಕುತ್ತಿರುವುದು. ಕಾಫಿ, ಮೆಣಸು, ಏಲಕ್ಕಿ ಬೇರೂರಿರುವುದು ಇದರಲ್ಲಿ. ಮಳೆಗಾಲದ ನೀರನ್ನು ಸ್ಪಂಜಿನಂತೆ ಹಿಡಿದಿಟ್ಟು, ಬೇಸಿಗೆಯಲ್ಲಿ ಬಾವಿಗೂ ತೋಡಿಗೂ ಸ್ವಲ್ಪ ಸ್ವಲ್ಪವೇ ಬಿಡುವುದೂ ಇದೇ ಪದರ. ಅದರ ಕೆಳಗಿನ ಗಟ್ಟಿ ಬಂಡೆಯಲ್ಲಿ ಬಿರುಕು ಇದ್ದಲ್ಲಿ ಮಾತ್ರ ನೀರು. ಪಕ್ಕದವರ ಬೋರ್‌ವೆಲ್ ಉಕ್ಕಿ, ನಮ್ಮದು ಧೂಳು ಹಾರಿಸಿದರೆ ಅದಕ್ಕೆ ಕಾರಣ ಬಿರುಕಿನ ಜಾಡು, ಅದೃಷ್ಟವಲ್ಲ.

ತೋಟಕ್ಕೆ ಸುಣ್ಣ ಹಾಕುತ್ತೇವಲ್ಲ, ಅದೂ ಇದೇ ಕಥೆ. ಇಂಚು, ಸೆಂಟು (ಇಂಚಿನ ನೂರನೇ ಒಂದು ಪಾಲು) ಲೆಕ್ಕದಲ್ಲಿ ನಾವು ಪುಸ್ತಕದಲ್ಲಿ ಬರೆದಿಡುವ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಕೊಂಡು ಹೋಗುತ್ತದೆ, ಮಣ್ಣು ಹುಳಿಯಾಗುತ್ತದೆ. ಅದನ್ನು ಸರಿಪಡಿಸಲು ಬೇರೆ ಕಡೆಯ ಸುಣ್ಣಕಲ್ಲು, ಡೋಲೊಮೈಟ್ ಬರಬೇಕು. ರಂಜಕಕ್ಕಾಗಿ ತೋಟಕ್ಕೆ ಹಾಕುವ ರಾಕ್ ಫಾಸ್ಫೇಟ್ ಕಲ್ಲುಪುಡಿಯ ಮೂಟೆಯ ವಿಷಯ ನನಗೆ ಬಹಳ ಇಷ್ಟ. ರಾಜಸ್ಥಾನದ ಉದಯಪುರದ ಹತ್ತಿರ ಝಾಮರ್‌ಕೋಟ್ರಾ ಎಂಬಲ್ಲಿ ಆ ಕಲ್ಲಿನ ದೊಡ್ಡ ಗಣಿಯಿದೆ. ಅದರಲ್ಲಿ ಕಾಣುವುದು ಪ್ರಾಚೀನ ಸಮುದ್ರದ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ರಚನೆ. ಎಂದೋ ಬತ್ತಿದ ಸಮುದ್ರದ ರಂಜಕ ಹೀಗೆ ಕಾಫಿ ಗಿಡದ ಬುಡಕ್ಕೆ ಬಂದು ಬೀಳುತ್ತದೆ.

ಈಗ ಕಷ್ಟದ ಮಾತಿಗೆ ಬರುತ್ತೇನೆ. 2018ರ ಆಗಸ್ಟ್ ಮಧ್ಯದ ಆ ದಿನಗಳನ್ನು ಯಾರೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಹೆಬ್ಬೆಟ್ಟಗೇರಿ, ಮೊಣ್ಣಂಗೇರಿ, ಜೋಡುಪಾಲ. ಬೆಟ್ಟವೇ ಗದ್ದೆಗೆ ಇಳಿದುಬಂತು. ಮರುವರ್ಷ ಆಗಸ್ಟಿನಲ್ಲಿ ತೋರ, ಕೋರಂಗಾಲ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಗಜಗಿರಿ, ಅರ್ಚಕರ ಮನೆಯ ಮೇಲೆ. ದೇವರ ಮುನಿಸು ಅಂದವರಿದ್ದಾರೆ, ಅವರ ದುಃಖವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅಂದು ಮಣ್ಣಿನೊಳಗೆ ಏನಾಯಿತು ಎಂಬುದನ್ನು ತಿಳಿಯದಿದ್ದರೆ ಮುಂದಿನ ಮನೆಯನ್ನೂ ನಾವು ಅದೇ ಜಾಗದಲ್ಲಿ ಕಟ್ಟುತ್ತೇವೆ.

ಆದದ್ದು ಇಷ್ಟು. ಮಣ್ಣಿನ ಕಣಗಳು ಒಂದನ್ನೊಂದು ಒತ್ತಿಕೊಂಡಿರುವುದರಿಂದ ಗುಡ್ಡ ನಿಂತಿರುತ್ತದೆ. ನಡುವಿನ ಸಂದುಗಳಲ್ಲಿ ಗಾಳಿಯೂ ಇರುತ್ತದೆ, ನೀರೂ ಇರುತ್ತದೆ. ಕಕ್ಕಡದ, ಅಂದರೆ ಜುಲೈ-ಆಗಸ್ಟ್ ಹೊತ್ತಿನ, ಮಳೆ ವಾರಗಟ್ಟಲೆ ಬಿಡದೆ ಹೊಡೆದರೆ ಸಂದುಗಳೆಲ್ಲ ನೀರಿನಿಂದ ತುಂಬುತ್ತವೆ. ಕೆಳಗಿನ ಗಟ್ಟಿ ಬಂಡೆಯೊಳಗೆ ಆ ನೀರು ಬೇಗ ಇಳಿಯಲಾರದು. ಒಳಗೇ ಒತ್ತಡ ಕಟ್ಟಿ ಕಣಗಳನ್ನು ದೂರ ತಳ್ಳುತ್ತದೆ, ಹಿಡಿತ ಬಿಟ್ಟುಹೋಗುತ್ತದೆ. ಅಷ್ಟು ಹೊತ್ತಿಗೆ ಗುಡ್ಡದ ಬುಡವನ್ನು ನಾವು ಕಡಿದಿದ್ದರೆ ಅದಕ್ಕೆ ಒರಗಲು ಏನಿದೆ? 2018ರ ನಂತರ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಬಂದು ನೋಡಿ, ಅತಿಮಳೆಯ ಜೊತೆಗೆ ಇಳಿಜಾರನ್ನು ಬೇಕಾದಂತೆ ಕಡಿದದ್ದನ್ನೂ ಎತ್ತಿ ಹೇಳಿದರು.

ನಮ್ಮ ಬರೆಯನ್ನು ಕಡಿಸಿದವರೂ ನಾವೇ. ಒಂದು ಬೇಸಿಗೆಯಲ್ಲಿ ಎರಡು ದಿನದ ಜೆಸಿಬಿ ಕೆಲಸ. ನೇರವಾಗಿ, ಗೋಡೆಯಂತೆ ಕಡಿದುಕೊಟ್ಟರು, ನೋಡಲು ಚೆಂದವಿತ್ತು. ಮೆಟ್ಟಿಲು ಮೆಟ್ಟಿಲಾಗಿ, ಓರೆಯಾಗಿ ಕಡಿಯಬೇಕು ಎಂದು ಯಾರೂ ಹೇಳಲಿಲ್ಲ, ನಮಗೂ ಕೇಳಲು ತಿಳಿಯಲಿಲ್ಲ. ಆಮೇಲೆ ಕಟ್ಟಿಸಿದ ತಡೆಗೋಡೆಯಲ್ಲಿ ನೀರು ಹೊರಬರಲು ಒಂದೇ ಒಂದು ಕಿಂಡಿ ಇರಲಿಲ್ಲ. ಹಿಂದೆ ನೀರು ನಿಂತರೆ ಎಂಥ ಗೋಡೆಯೂ ತಾಳುವುದಿಲ್ಲ. ಮರುವರ್ಷ ಪೈಪು ತೂರಿಸಿ ಕಿಂಡಿ ಮಾಡಿಸಿದೆವು. ಮೇಲಿನ ತೋಟದ ನೀರು ಬರೆಯ ತಲೆಗೆ ಬೀಳದಂತೆ ಚರಂಡಿ ತಿರುಗಿಸಿದೆವು. ಬಯಲುಸೀಮೆಗೆ ವರವಾದ ಇಂಗುಗುಂಡಿ ಕಡಿದಾದ ಇಳಿಜಾರಿನಲ್ಲಿ ಅಪಾಯ ತರಬಹುದು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ನೀರು ಇಂಗಿಸುವುದು ಎಲ್ಲ ಕಡೆಯೂ ಒಳ್ಳೆಯದೇ ಎಂಬ ನಂಬಿಕೆ ನಮ್ಮಲ್ಲಿದೆ.

2022ರ ಜೂನಿನಲ್ಲಿ ಚೆಂಬು, ಸಂಪಾಜೆ ಕಡೆ ನೆಲ ಗುಡುಗಿ ಪಾತ್ರೆಗಳು ಅಲುಗಿದ್ದು ನಿಮಗೆ ನೆನಪಿರಬಹುದು. ಸಣ್ಣ ಕಂಪನಗಳು, ರಿಕ್ಟರ್ ಮಾಪಕದಲ್ಲಿ 4ನ್ನೂ ಮುಟ್ಟಲಿಲ್ಲ. ಅವುಗಳಿಗಿಂತ ನನಗೆ ಭಯ ಹುಟ್ಟಿಸುವುದು ಗುಡ್ಡ ಕುಸಿಯುವ ಮುನ್ನದ ಸದ್ದಿಲ್ಲದ ಗುರುತುಗಳು. ಇದ್ದಕ್ಕಿದ್ದಂತೆ ಹೊಸ ಜಾಗದಲ್ಲಿ ಒರತೆ. ತಿಳಿಯಾಗಿದ್ದ ತೋಡಿನಲ್ಲಿ ಕೆಂಪು ನೀರು. ಸಿಲ್ವರ್ ಓಕ್ ಮರಗಳು ಒಂದೇ ಕಡೆಗೆ ವಾಲುವುದು. ನಿನ್ನೆವರೆಗೆ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಇಂದು ಕಚ್ಚಿಕೊಳ್ಳುವುದು. ಇವು ಕಂಡರೆ ರಾತ್ರಿಯೇ ಆಗಲಿ, ಮನೆ ಬಿಡಿ. ಹಸು ಕರುಗಳ ಹಗ್ಗ ಬಿಚ್ಚಿ ಹೊರಡಿ.

ನಮ್ಮ ಬರೆಯ ಮೇಲ್ಗಡೆ, ಕಿತ್ತಳೆ ಗಿಡದ ಪಕ್ಕ, ನೆಲದಲ್ಲಿ ಒಂದು ಸೀಳು ಬಿಟ್ಟಿದೆ. ಅದರ ಎರಡೂ ಬದಿಗೆ ಒಂದೊಂದು ಗೂಟ ಹೊಡೆದಿದ್ದೇನೆ. ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು, ಮಳೆ ಲೆಕ್ಕದ ಪುಸ್ತಕದಲ್ಲೇ ಇಂಚಿನ ಪಕ್ಕ ಬರೆದಿಡುತ್ತೇನೆ. ಕಳೆದ ಮಳೆಗಾಲ ಪೂರ್ತಿ ಅದು ಅಲುಗಲಿಲ್ಲ. ನಿನ್ನೆ ರಾತ್ರಿ ಎರಡು ಇಂಚು ಮಳೆಯಾಗಿದೆ. ಇಲ್ಲಿಂದ ಮನೆಗೆ ಹೋಗಿ ಮತ್ತೆ ಅಳೆಯಬೇಕು.

ನಮಸ್ಕಾರ.